ಬೋರ್ಡು ಸಾಲದು, ಬೀಗ ಹಾಕಲು ಕಂಬವನ್ನೂ ಕೊಡಿ

ಸೈಕಲ್ ಮತ್ತು ಬೈಕ್ ನಿಲ್ಲಿಸುವ ಜಾಗಗಳನ್ನು ಕಟ್ಟಿಸುವ, ನೋಡಿಕೊಳ್ಳುವ ಎಲ್ಲರಿಗೂ: ನಗರಾಡಳಿತದ ಎಂಜಿನಿಯರುಗಳಿಗೆ, ಬಸ್ಸು ರೈಲು ನಿಲ್ದಾಣಗಳ ಅಧಿಕಾರಿಗಳಿಗೆ, ಕಾಲೇಜು, ಆಸ್ಪತ್ರೆ, ಕಚೇರಿಗಳ ಆಡಳಿತದವರಿಗೆ, ವಸತಿ ಸಮುಚ್ಚಯಗಳ ಸಂಘಗಳಿಗೆ.

ಮಾನ್ಯರೇ,

ನಿಮ್ಮ ಆವರಣದ ಗೋಡೆಯ ಮೇಲೆ 'ವಾಹನಗಳಿಗೆ ಮಾಲೀಕರೇ ಜವಾಬ್ದಾರರು' ಎಂಬ ಬೋರ್ಡು ಇರುತ್ತದೆ. ಅದನ್ನು ಬರೆಸಿದ್ದಕ್ಕೆ ನಮ್ಮ ತಕರಾರಿಲ್ಲ. ಆದರೆ ಮಾಲೀಕ ಆ ಜವಾಬ್ದಾರಿ ನಿಭಾಯಿಸಲು ಬೋರ್ಡಿನ ಕೆಳಗೆ ಏನಿದೆ ಎಂದು ಒಮ್ಮೆ ಹೋಗಿ ನೋಡಿ. ಹೆಚ್ಚಿನ ಕಡೆ ಬರೀ ನೆಲ, ಒಂದು ಬಿಳಿ ಗೆರೆ. ಕೆಲವು ಕಡೆ ಮುಂದಿನ ಚಕ್ರ ಸಿಕ್ಕಿಸುವ ಸಣ್ಣ ಕಂಬಿಗಳ ಸಾಲು. ಎಂಥ ದುಬಾರಿ ಬೀಗ ತಂದರೂ ಅದನ್ನು ಸುತ್ತಿ ಹಾಕಲು ನೆಲಕ್ಕೆ ಕಚ್ಚಿಕೊಂಡ ಒಂದು ಕಬ್ಬಿಣ ಇಲ್ಲವೆಂದರೆ, ಆ ಬೀಗವೂ ಸೈಕಲ್ಲಿನ ಜೊತೆಗೇ ಹೊರಟುಹೋಗುತ್ತದೆ.

ಬೀಗ, ಸೈಕಲ್, ಬೈಕ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರು ನಾವು. ಕಳ್ಳತನ ಪೊಲೀಸರ ಕೆಲಸ, ಬೀಗ ಮಾಲೀಕನ ಕೆಲಸ ಎಂದು ಹಂಚಿಬಿಟ್ಟ ಮೇಲೆ ನಡುವೆ ಉಳಿಯುವ ದೊಡ್ಡ ಪಾಲು ನಿಮ್ಮ ಕೈಯಲ್ಲಿದೆ. ಅದನ್ನು ಅಳತೆ ಸಮೇತ ಇಲ್ಲಿ ಬರೆಯುತ್ತಿದ್ದೇವೆ.

ಒಡೆಯಲಾಗದ ಬೀಗ ಎಂಬುದು ಇಲ್ಲ. ಬೀಗ ಕೊಡುವುದು ಸಮಯ ಮಾತ್ರ. ಕಳ್ಳನಿಗೆ ಬೇಡದ ಸಂಗತಿಗಳು ಮೂರು: ತಡ, ಸದ್ದು, ನೋಡುವ ಕಣ್ಣು. ಕೈಯಲ್ಲಿ ಹಿಡಿಯುವ ಸಣ್ಣ ಕಟರಿನಿಂದ ತೆಳು ಕೇಬಲ್ ಲಾಕ್ ಕೆಲವೇ ಸೆಕೆಂಡುಗಳಲ್ಲಿ, ಸದ್ದಿಲ್ಲದೆ ತುಂಡಾಗುತ್ತದೆ. ದಪ್ಪ ಉಕ್ಕಿನ ಯು-ಲಾಕನ್ನು, ಅಂದರೆ 'ಯು' ಆಕಾರದ ಕಮಾನಿನ ಬೀಗವನ್ನು, ಕಬ್ಬಿಣ ಕೊಯ್ಯುವ ಚಕ್ರದ ಗ್ರೈಂಡರಿನಲ್ಲಿ ಕತ್ತರಿಸಬೇಕು. ಆಗ ಕಿಡಿ ಹಾರುತ್ತದೆ, ಕಿವಿಗಡಚಿಕ್ಕುವ ಸದ್ದಾಗುತ್ತದೆ. ಜನ ಓಡಾಡುವ ಬಾಗಿಲಿನೆದುರು ಅದನ್ನು ಮಾಡುವ ಧೈರ್ಯ ಕಡಿಮೆ ಜನಕ್ಕೆ. ಕಟ್ಟಡದ ಹಿಂದೆ, ಜನರೇಟರ್ ಕೋಣೆಯ ಪಕ್ಕ, ಗಿಡಗಂಟಿಯ ಮರೆಯಲ್ಲಾದರೆ ಯಾರಿಗೂ ಧೈರ್ಯ ಬರುತ್ತದೆ. ವಾಹನ ನಿಲ್ಲಿಸುವ ಜಾಗವನ್ನು 'ಕಣ್ಣಿಗೆ ಕಾಣದ ಹಾಗೆ' ಹಿಂದಕ್ಕೆ ತಳ್ಳುವ ಅಭ್ಯಾಸವನ್ನು ಮೊದಲು ಬಿಡಬೇಕು. ಅಂದ ಕೆಡುತ್ತದೆ ಎಂದು ಹಿಂದಕ್ಕೆ ತಳ್ಳಿದ ಜಾಗ ಕಳ್ಳನಿಗೆ ಕಟ್ಟಿಕೊಟ್ಟ ಕಾರ್ಯಾಗಾರ.

ಈಗ ಆ ಚಕ್ರ ಸಿಕ್ಕಿಸುವ ಕಂಬಿಗಳ ವಿಷಯ. ಅವುಗಳಿಗೆ ಬೀಗ ಹಾಕಬೇಕೆಂದರೆ ಮುಂದಿನ ಚಕ್ರಕ್ಕೆ ಮಾತ್ರ ಹಾಕಲು ಸಾಧ್ಯ. ಫ್ರೇಮ್ ಅಲ್ಲಿಗೆ ಎಟುಕುವುದಿಲ್ಲ. ಮುಂದಿನ ಚಕ್ರವನ್ನು ಹಿಡಿದಿರುವುದು ಒಂದು ಆಕ್ಸಲ್, ಅದರ ಎರಡು ನಟ್ಟು. ಒಂದು 15 ನಂಬರ್ ಪಾನ ಇದ್ದರೆ ಅರೆ ನಿಮಿಷದ ಕೆಲಸ. ಕೈಯಲ್ಲೇ ತಿರುಗಿಸುವ ಕ್ವಿಕ್ ರಿಲೀಸ್ ಇದ್ದರಂತೂ ಪಾನವೂ ಬೇಡ. ಸಂಜೆ ಮಾಲೀಕ ಬಂದಾಗ ಕಂಬಿಯಲ್ಲಿ ಬೀಗದ ಸಮೇತ ಒಂದು ಚಕ್ರ ಭದ್ರವಾಗಿ ನಿಂತಿರುತ್ತದೆ. ಮಿಕ್ಕಿದ್ದು ಇರುವುದಿಲ್ಲ. ಕಳ್ಳತನ ಆಗದಿದ್ದರೂ ಕಾಟ ತಪ್ಪದು. ಪಕ್ಕದ ಸೈಕಲ್ ವಾಲಿ ತಾಗಿದರೆ ಇಡೀ ಸೈಕಲ್ಲಿನ ಭಾರ ಆ ರಿಮ್ಮಿನ ಮೇಲೆ ಅಡ್ಡಡ್ಡವಾಗಿ ಬಿದ್ದು ರಿಮ್ ಸೊಟ್ಟಗಾಗುತ್ತದೆ. ದಯವಿಟ್ಟು ಇವನ್ನು ಹೊಸದಾಗಿ ಹಾಕಿಸಬೇಡಿ. ಹಳೆಯವನ್ನು ಒಂದೊಂದಾಗಿ ತೆಗೆಸಿ.

ಅವುಗಳ ಬದಲಿಗೆ ಬೇಕಾದದ್ದು ತೀರಾ ಸರಳ: ತಲೆಕೆಳಗಾದ 'ಯು' ಆಕಾರದ ಪೈಪು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆಸರಿನಿಂದ ಅದನ್ನು ಶೆಫೀಲ್ಡ್ ಸ್ಟ್ಯಾಂಡ್ ಎನ್ನುತ್ತಾರೆ. ಎತ್ತರ ನೆಲದಿಂದ 750 ಮಿ.ಮೀ., ಉದ್ದ 700ರಿಂದ 1000 ಮಿ.ಮೀ. ಒಂದು ಸ್ಟ್ಯಾಂಡಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಸೈಕಲ್. ಪೈಪಿನ ಹೊರ ವ್ಯಾಸ 48ರಿಂದ 50 ಮಿ.ಮೀ. ಇರಲಿ. ಇದಕ್ಕಿಂತ ದಪ್ಪ ಪೈಪು ಗಟ್ಟಿ ಎಂದುಕೊಂಡು 75 ಅಥವಾ 100 ಮಿ.ಮೀ. ಹಾಕಿಸಿದರೆ ಒಳ್ಳೆಯ ಯು-ಲಾಕಿನ ಬಾಯಿ ಅದನ್ನೂ ಫ್ರೇಮನ್ನೂ ಒಟ್ಟಿಗೆ ಹಿಡಿಯದು. ಆಗ ಜನ ಉದ್ದನೆಯ ತೆಳು ಕೇಬಲ್ಲಿಗೆ ಇಳಿಯುತ್ತಾರೆ. ಪೈಪಿನ ಗೋಡೆ 3 ಮಿ.ಮೀ.ಗಿಂತ ತೆಳುವಿರಬಾರದು. ಬಿಸಿ ಸತುವಿನ ಲೇಪ ಮಾಡಿಸಿ. ಬರೀ ಪೇಂಟ್ ಬಳಿದರೆ ಸರಪಳಿ ಉಜ್ಜಿದ ಕಡೆ ಪೇಂಟ್ ಎದ್ದು, ಮಳೆ ನೀರು ಇಳಿದು, ನೆಲ ಮುಟ್ಟುವ ಜಾಗದಲ್ಲೇ ಪೈಪನ್ನು ತುಕ್ಕು ತಿನ್ನುತ್ತದೆ. ಮಕ್ಕಳ ಸೈಕಲ್, ಚಿಕ್ಕ ಫ್ರೇಮಿನ ಸೈಕಲ್‌ಗಳಿಗೆಂದು ನೆಲದಿಂದ 300 ಮಿ.ಮೀ. ಎತ್ತರದಲ್ಲಿ ಒಂದು ಅಡ್ಡಪಟ್ಟಿ ಬೆಸುಗೆ ಹಾಕಿಸಿದರೆ ಅವರಿಗೂ ಆಸರೆ.

ಎರಡು ಸ್ಟ್ಯಾಂಡುಗಳ ನಡುವೆ ಒಂದು ಮೀಟರ್ ಬಿಡಿ. ಲೆಕ್ಕ ತುಂಬಿಸಲು 500 ಮಿ.ಮೀ.ಗೊಂದು ನೆಟ್ಟರೆ ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿಕೊಳ್ಳುತ್ತದೆ, ಬಗ್ಗಿ ಬೀಗ ಹಾಕಲು ಜಾಗ ಇರುವುದಿಲ್ಲ. ಕಾಗದದ ಮೇಲೆ ನಲವತ್ತು ಸೈಕಲ್ಲಿನ ಜಾಗ, ನಿಜಕ್ಕೆ ಇಪ್ಪತ್ತೇ ನಿಲ್ಲುತ್ತವೆ. ಗೋಡೆಯ ಪಕ್ಕದ ಕೊನೆಯ ಸ್ಟ್ಯಾಂಡಿಗೂ ಗೋಡೆಗೂ ಕನಿಷ್ಠ 600 ಮಿ.ಮೀ. ಅಂತರ ಬೇಕು. ಇಲ್ಲದಿದ್ದರೆ ಅದರ ಒಂದು ಬದಿ ವ್ಯರ್ಥ.

ನೆಡುವ ಕೆಲಸದಲ್ಲೇ ಹೆಚ್ಚು ತಪ್ಪಾಗುವುದು. ಗುತ್ತಿಗೆದಾರರಿಗೆ ಸುಲಭದ ದಾರಿ ಎಂದರೆ ಕಾಲಿನ ಕೆಳಗೆ ಚಪ್ಪಟೆ ತಗಡು ಬೆಸೆದು, ನಾಲ್ಕು ಬೋಲ್ಟಿನಲ್ಲಿ ನೆಲಕ್ಕೆ ಬಿಗಿಯುವುದು. ಬಿಗಿದ ಪಾನವೇ ಬಿಚ್ಚುವುದಕ್ಕೂ ಸಾಕು. ಸಾಧ್ಯವಿದ್ದ ಕಡೆಯೆಲ್ಲ ಕಾಲುಗಳನ್ನು ಕನಿಷ್ಠ 300 ಮಿ.ಮೀ. ಆಳ ಕಾಂಕ್ರೀಟಿನೊಳಗೆ ಹೂಳಿಸಿ. ಹೂಳುವ ಮುಂಚೆ ಪ್ರತಿ ಕಾಲಿನ ತುದಿಗೆ ಒಂದು ತೂತು ಕೊರೆದು ಅಡ್ಡಲಾಗಿ ಕಬ್ಬಿಣದ ಸರಳು ತೂರಿಸಿ. ಅದಿದ್ದರೆ ಪೈಪನ್ನು ತಿರುಗಿಸಿ ಮೇಲಕ್ಕೆಳೆಯಲು ಆಗುವುದಿಲ್ಲ. ಇನ್ನೂ ಗಟ್ಟಿ ಬೇಕೆಂದರೆ ಎರಡೂ ಕಾಲುಗಳೊಳಗೆ 16 ಮಿ.ಮೀ. ಸರಳು ಇಳಿಸಿ ಕಾಂಕ್ರೀಟ್ ತುಂಬಿಸಿ. ಆಗ ಪೈಪಿನ ಗೋಡೆ ಕತ್ತರಿಸಿದವನಿಗೆ ಒಳಗೆ ಇನ್ನೊಂದು ಕೆಲಸ ಕಾದಿರುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ನೀರುಣಿಸಿ, ವಾರವಾದರೂ ಯಾರೂ ಮುಟ್ಟದಂತೆ ಬಿಡಿ. ಪೂರ್ತಿ ಬಲ ಬರಲು 28 ದಿನ ಬೇಕು. ಮಾರನೆಯ ದಿನವೇ ಉದ್ಘಾಟನೆ ಇಟ್ಟು ನೂರು ಜನ ಎಳೆದಾಡಿದರೆ ಕಾಲಿನ ಸುತ್ತ ಬಿರುಕು ಬಿಟ್ಟು, ಆ ಸಡಿಲ ಕೊನೆಯವರೆಗೂ ಉಳಿಯುತ್ತದೆ.

ನೆಟ್ಟು ಮರೆತುಬಿಡುವ ವಸ್ತುವೂ ಇದಲ್ಲ. ಕಳ್ಳರು ಮಾಡುವ ಒಂದು ಕೆಲಸವನ್ನು ನಿಮ್ಮ ಕಾವಲುಗಾರರಿಗೆ ತೋರಿಸಿಕೊಡಲೇಬೇಕು. ರಾತ್ರಿ ಬಂದು ಸ್ಟ್ಯಾಂಡಿನ ಪೈಪನ್ನು ಮೊದಲೇ ಕತ್ತರಿಸಿಟ್ಟು, ಕತ್ತರಿಸಿದ ಗೆರೆಯ ಮೇಲೆ ಒಂದು ಸ್ಟಿಕ್ಕರನ್ನೋ ಟೇಪನ್ನೋ ಅಂಟಿಸಿ ಹೋಗುತ್ತಾರೆ. ಹಗಲು ಒಳ್ಳೆಯ ಸೈಕಲ್ ಬಂದು ಅದಕ್ಕೆ ಒಳ್ಳೆಯ ಬೀಗ ಹಾಕಿದ ಮೇಲೆ ಬರುತ್ತಾರೆ. ಸ್ಟಿಕ್ಕರ್ ಹರಿದು ಪೈಪನ್ನು ಪಕ್ಕಕ್ಕೆ ಬಾಗಿಸಿದರೆ ಮುಗಿಯಿತು. ಬೀಗ ಮುಟ್ಟುವ ಪ್ರಮೇಯವೇ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಯಾರಾದರೊಬ್ಬರು ಪ್ರತಿ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಬೇಕು, ನೆಲದಿಂದ ತಲೆಯವರೆಗೆ ಅಂಗೈ ಸವರಬೇಕು. ಟೇಪು, ಸ್ಟಿಕ್ಕರ್, ಬಟ್ಟೆ ಸುತ್ತಿದ್ದು ಏನೇ ಸಿಕ್ಕರೂ ಕಿತ್ತು ನೋಡಬೇಕು. ಸ್ಟ್ಯಾಂಡುಗಳ ಮೇಲೆ ಜಾಹೀರಾತು ಅಂಟಿಸಲು ಬಿಡಲೇಬಾರದು ಎನ್ನುವುದೂ ಇದಕ್ಕೇ. ಫುಟ್‌ಪಾತಿನ ಫಲಕದ ಕಂಬಗಳಿಗೆ ಬೀಗ ಹಾಕುವವರಿಗೂ ಇದೇ ಎಚ್ಚರಿಕೆ: ಬುಡದ ಬೋಲ್ಟು ಇದೆಯೇ, ಕಂಬ ತೂತಿನಿಂದ ಮೇಲಕ್ಕೆದ್ದು ಬರುತ್ತದೆಯೇ, ಸೈಕಲ್ಲನ್ನು ಎತ್ತಿ ಕಂಬದ ತಲೆ ದಾಟಿಸಬಹುದೇ ಎಂದು ನೋಡಿಕೊಳ್ಳಬೇಕು.

ಬೈಕಿನವರ ಪಾಡು ಇನ್ನೂ ಕಷ್ಟ. ಅವರಿಗೆ ಕಂಬ ಕೊಡಬೇಕೆಂಬ ಯೋಚನೆಯೇ ಯಾರಿಗೂ ಬಂದಂತಿಲ್ಲ. ಹ್ಯಾಂಡಲ್ ಲಾಕ್ ಇದೆಯಲ್ಲ ಎನ್ನುತ್ತಾರೆ. ಹ್ಯಾಂಡಲ್ ಲಾಕ್ ಎಂದರೆ ಕೀ ಸೆಟ್ಟಿನಿಂದ ಹೊರಬರುವ, ಬೆರಳಿಗಿಂತ ತೆಳುವಾದ ಒಂದು ಗೂಟ. ಅದು ಕತ್ತಿನ ಬಳಿಯ ಒಂದು ತೂತಿನಲ್ಲಿ ಕೂರುತ್ತದೆ. ಅಗಲ ಹ್ಯಾಂಡಲ್ಲಿನ ಸನ್ನೆ ಬಲಕ್ಕೆ ಅದು ಎಷ್ಟು ಹೊತ್ತು ತಾಳೀತು? ಮುರಿಯದಿದ್ದರೂ ಇಬ್ಬರು ಮೂವರು ಸೇರಿ ಬೈಕನ್ನೇ ಎತ್ತಿ ಗೂಡ್ಸ್ ಗಾಡಿಗೆ ಹಾಕಿಕೊಂಡು ಹೋಗಬಹುದು. ಎತ್ತಿಕೊಂಡು ಹೋಗುವವರೆದುರು ಹ್ಯಾಂಡಲ್ ಲಾಕ್, ಬ್ರೇಕಿನ ತಟ್ಟೆಗೆ ಹಾಕುವ ಡಿಸ್ಕ್ ಲಾಕ್, ಅಲಾರಂ ಎಲ್ಲ ಒಂದೇ. ಬೈಕು ಎದ್ದು ಬರದಂತೆ ಮಾಡುವುದು ನೆಲಕ್ಕೋ ಗೋಡೆಗೋ ಕಟ್ಟಿದ ಸರಪಳಿ ಮಾತ್ರ.

ಗೋಡೆ ಇದ್ದ ಕಡೆ ಅದರುದ್ದಕ್ಕೂ ಸುಮಾರು 600 ಮಿ.ಮೀ. ಎತ್ತರದಲ್ಲಿ ದಪ್ಪ ಗೋಡೆಯ ಉಕ್ಕಿನ ಪೈಪೊಂದನ್ನು ಕಂಬಿಯಾಗಿ ಹಾಯಿಸಿ. ಪ್ರತಿ ಎರಡು ಬೈಕಿಗೊಂದರಂತೆ ಅದರ ಕಾಲು ನೆಲದೊಳಗೆ ಇಳಿದಿರಲಿ. ಆಗ ಒಂದು ಕಡೆ ಕತ್ತರಿಸಿದರೆ ಇಡೀ ಸಾಲಿನ ಸರಪಳಿಗಳು ಜಾರಿಬರುವುದಿಲ್ಲ. ಗೋಡೆ ಇಲ್ಲದ ಕಡೆ ನೆಲದಲ್ಲಿ ಕೊಂಡಿ ಹಾಕಿಸಬಹುದು. ಕಾಂಕ್ರೀಟ್ ನೆಲವಾದರೆ ದಪ್ಪ 100 ಮಿ.ಮೀ.ಗಿಂತ ಹೆಚ್ಚಿದೆಯೇ ಎಂದು ಕೊರೆಯುವ ಮುಂಚೆ ತಿಳಿದುಕೊಳ್ಳಿ. ತೆಳು ಚಪ್ಪಡಿಗೋ ಜೋಡಿಸಿದ ಇಂಟರ್‌ಲಾಕ್ ಇಟ್ಟಿಗೆಗೋ ಕೊಂಡಿ ಹಾಕಿದರೆ ಚಪ್ಪಡಿಯ ಸಮೇತ ಕಿತ್ತು ಬರುತ್ತದೆ. 12 ಮಿ.ಮೀ. ಬೋಲ್ಟನ್ನು ರಾಸಾಯನಿಕ ಅಂಟಿನಲ್ಲಿ ಕೂರಿಸುವುದಾದರೆ 14 ಮಿ.ಮೀ. ತೂತು, ಆಳ 110 ಮಿ.ಮೀ. ಅದಕ್ಕೆ ತಕ್ಕ ದಪ್ಪ ನೆಲ ಬೇಕು. ಕೊರೆದ ಧೂಳನ್ನು ಊದಿ, ಬ್ರಷ್ ಹಾಕಿ ಉಜ್ಜಿ, ಮತ್ತೆ ಊದಿ ತೆಗೆಯದಿದ್ದರೆ ಅಂಟು ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎಳೆದಾಗ ಬೋಲ್ಟು ಸಲೀಸಾಗಿ ಬರುತ್ತದೆ. ಬೋಲ್ಟಿನ ತಲೆ ಆಲನ್ ಕೀ (ಆರು ಮೂಲೆಯ ಕಡ್ಡಿ ಪಾನ) ಕೂರುವ ಕುಳಿಯದ್ದಾಗಿದ್ದರೆ ಆ ಕುಳಿಗೆ ಬಿಗಿಯಾಗಿ ಕೂರುವ ಉಕ್ಕಿನ ಗುಂಡೊಂದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿ. ಆಮೇಲೆ ಆಲನ್ ಕೀ ಒಳಗೆ ಇಳಿಯುವುದಿಲ್ಲ. ಕೊಂಡಿಯ ಕಣ್ಣು ದೊಡ್ಡದಿರಲಿ. 16 ಮಿ.ಮೀ. ಸರಪಳಿಯ ಕೊನೆಯ ಕೊಂಡಿ ಅದರಲ್ಲಿ ದಾಟದಿದ್ದರೆ ಮಾಡಿದ್ದೆಲ್ಲ ದಂಡ.

ಬೆಳಕು ಮತ್ತು ಕ್ಯಾಮೆರಾ. ಎಲ್ಲರೂ ಮೊದಲು ಹಣ ಹಾಕುವುದು ಕ್ಯಾಮೆರಾಕ್ಕೆ. ನಮ್ಮ ಕೇಳಿಕೆ, ಅದು ಕೊನೆಗೆ ಬರಲಿ. ಕ್ಯಾಮೆರಾ ಕಳ್ಳನ ಕೈ ಹಿಡಿಯುವುದಿಲ್ಲ. ನಾಲ್ಕನೇ ಮಹಡಿಯ ಎತ್ತರದಲ್ಲಿ ಕೂತ ಕ್ಯಾಮೆರಾ ಟೋಪಿಯ ನೆತ್ತಿಯನ್ನು ಮಾತ್ರ ತೋರಿಸುತ್ತದೆ. ಇಡುವುದಾದರೆ ಒಳಬರುವ ಹೊರಹೋಗುವ ಕಿರಿದಾದ ದಾರಿಯಲ್ಲಿ, ಮುಖ ಮತ್ತು ನಂಬರ್ ಪ್ಲೇಟ್ ಎರಡೂ ಕಾಣುವ ಎತ್ತರದಲ್ಲಿ ಇಡಿ. ಬರುವವರ ಹಿಂದಿನಿಂದ ಬಿಸಿಲು ಕ್ಯಾಮೆರಾಕ್ಕೆ ಹೊಡೆಯದಂತೆ ನೋಡಿ. ರಾತ್ರಿಯ ಒಂದು ಚಿತ್ರ ತೆಗೆದು ನಂಬರ್ ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ. ಹೆಡ್‌ಲೈಟ್ ಬೆಳಕಿಗೆ ಪ್ಲೇಟು ಬರೀ ಬಿಳಿ ಚೌಕವಾಗಿ ಕಾಣುವುದು ತೀರಾ ಸಾಮಾನ್ಯ. ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಊರಿಗೆ ಹೋದವರು ವಾರ ಬಿಟ್ಟು ಬಂದು ಬೈಕಿಲ್ಲ ಎಂದಾಗ ಅಷ್ಟರಲ್ಲಿ ಅಳಿಸಿಹೋಗಿದ್ದರೆ ಪ್ರಯೋಜನವಿಲ್ಲ.

ಚೀಟಿ ಕೊಡುವ ಪದ್ಧತಿ ಇರುವ ಕಡೆ, ಒಳಗೆ ಬರುವಾಗ ಕೊಡುವ ಚೀಟಿಗಿಂತ ಹೊರಹೋಗುವಾಗ ನೋಡುವ ಕಣ್ಣು ಮುಖ್ಯ. ಚೀಟಿಯ ಮೇಲೆ ವಾಹನದ ನಂಬರ್ ಬರೆದಿರಬೇಕು, ಹೋಗುವಾಗ ಎರಡನ್ನೂ ತಾಳೆ ನೋಡಬೇಕು. ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲವಾದ್ದರಿಂದ ಒಂದೇ ಸಂಖ್ಯೆಯ ಎರಡು ಬಿಲ್ಲೆ ಮಾಡಿಸಿ, ಒಂದು ಹ್ಯಾಂಡಲ್ಲಿಗೆ, ಇನ್ನೊಂದು ಸವಾರನ ಕೈಗೆ. ಸಂಜೆಯ ನೂಕುನುಗ್ಗಲಿನಲ್ಲಿ ಗೇಟು ಪೂರ್ತಿ ತೆರೆದು 'ಹೋಗಿ ಹೋಗಿ' ಎಂದು ಕೈಬೀಸುವ ಹದಿನೈದು ನಿಮಿಷದಲ್ಲಿ ಇಡೀ ದಿನದ ಕಾವಲು ನೀರುಪಾಲಾಗುತ್ತದೆ. ಆ ಹೊತ್ತಿಗೆ ಇನ್ನೊಬ್ಬರನ್ನು ನಿಲ್ಲಿಸಿ. ಚೀಟಿ ಕಳೆದವರಿಂದ ವಾಹನದ ದಾಖಲೆ, ಗುರುತಿನ ಚೀಟಿ ಎರಡನ್ನೂ ನೋಡದೆ ಬಿಡಬೇಡಿ. ಸವಾರರೂ ಚೀಟಿಯನ್ನು ಬೈಕಿನ ಪೌಚಿನಲ್ಲೇ ಬಿಟ್ಟು ಹೋಗಬಾರದು.

ಇಷ್ಟು ನಿಮ್ಮ ಪಾಲು. ಸವಾರರ ಪಾಲಿನದ್ದನ್ನೂ ಬರೆಯುತ್ತೇವೆ. ಅದನ್ನು ಆ ಬೋರ್ಡಿನ ಪಕ್ಕದಲ್ಲೇ ಅಂಟಿಸಿ. ಜವಾಬ್ದಾರಿ ಹೊರಿಸಿದ ಮೇಲೆ ಹೇಗೆ ಹೊರಬೇಕೆಂದೂ ಹೇಳಬೇಕಲ್ಲವೇ?

ಬೀಗ ಕೊಳ್ಳುವಾಗ ನೋಡಬೇಕಾದದ್ದು ಉಕ್ಕಿನ ದಪ್ಪ ಮತ್ತು ಹದ. ಹದ ಮಾಡದ ಮೆದು ಸರಪಳಿಯನ್ನು ಎಷ್ಟು ದಪ್ಪವಿದ್ದರೂ ಹ್ಯಾಕ್ಸಾ ತಿನ್ನುತ್ತದೆ. ಹದ ಮಾಡಿದ್ದೇ ಆದರೂ 10 ಮಿ.ಮೀ.ಗಿಂತ ತೆಳುವಿದ್ದರೆ ಉದ್ದ ಹಿಡಿಯ ಬೋಲ್ಟ್ ಕಟರ್ ಸಾಕು. 13–14 ಮಿ.ಮೀ. ದಾಟಿದರೆ ಕೈಯ ಕಟರಿಗೆ ಬಗ್ಗುವುದು ಕಷ್ಟ. ಬೈಕಿಗೆ 16 ಮಿ.ಮೀ. ಅಥವಾ ಹೆಚ್ಚಿನದ್ದು ಒಳ್ಳೆಯದು. ಅದು ಹೊತ್ತು ತಿರುಗುವಂಥದ್ದಲ್ಲ, ದಿನಾ ನಿಲ್ಲಿಸುವ ಜಾಗದಲ್ಲೇ ಬಿಟ್ಟಿರುವಂಥದ್ದು. ಸರಪಳಿಯಷ್ಟೇ ಗಟ್ಟಿ ಬೀಗ ಅದರ ತುದಿಗೆ ಬೇಕು. 14 ಮಿ.ಮೀ. ಸರಪಳಿಗೆ ಪೆಟ್ಟಿಗೆಗೆ ಹಾಕುವ ಪುಟ್ಟ ಬೀಗ ಜೋಡಿಸಿದ್ದನ್ನು ನೋಡಿದರೆ ನಮಗೆ ಹೊಟ್ಟೆ ಉರಿಯುತ್ತದೆ. ಕಳ್ಳ ನೋಡುವುದು ಸರಪಳಿಯನ್ನಲ್ಲ, ಅದರಲ್ಲಿನ ತೀರಾ ತೆಳುವಾದ ಕಡೆಯನ್ನು.

ಪೊಟ್ಟಣದ ಮೇಲಿನ ಕಂಪನಿಯ ಮಾತಿಗಿಂತ ಹೊರಗಿನವರು ಪರೀಕ್ಷಿಸಿದ ಗುರುತನ್ನು ನಂಬಿ. ಬ್ರಿಟನ್ನಿನಲ್ಲಿ 1992ರಲ್ಲಿ ಶುರುವಾದ, ಬೀಗ ಪರೀಕ್ಷಿಸುವ ಸೋಲ್ಡ್ ಸೆಕ್ಯೂರ್ ಸಂಸ್ಥೆ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ನೆದರ್ಲೆಂಡ್ಸಿನ ಅಂಥದೇ ಸಂಸ್ಥೆ ಎ.ಆರ್.ಟಿ. ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ದಪ್ಪ ಉಕ್ಕಿದ್ದರೂ ಕೀಲಿಯ ಒಳಗಿನ ಕೆಲಸ ಕಳಪೆಯಾದರೆ ಏನಾಗುತ್ತದೆ ಎಂಬುದಕ್ಕೆ 2004ರ ಉದಾಹರಣೆ ಸಾಕು. ಹೆಸರಾಂತ ಕ್ರಿಪ್ಟೋನೈಟ್ ಕಂಪನಿಯ ದುಂಡು ಕೀಲಿಯ ಯು-ಲಾಕುಗಳು ಒಂದು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆದುಕೊಳ್ಳುತ್ತವೆ ಎಂದು ಬಯಲಾಗಿ, ಕಂಪನಿ ಅವನ್ನು ಬದಲಿಸಿಕೊಡಬೇಕಾಯಿತು. ದುಂಡು ಕೊಳವೆಯಾಕಾರದ ಕೀಲಿಯ ಅಗ್ಗದ ಬೀಗಗಳನ್ನು ಇಂದಿಗೂ ಕೊಳ್ಳಬೇಡಿ.

ಗ್ರೈಂಡರ್ ಬಂದ ಮೇಲೆ ಆಟವೇ ಬದಲಾಗಿದೆ ಎನ್ನುವುದನ್ನು ಮುಚ್ಚಿಡುವುದು ಸರಿಯಲ್ಲ. ಬ್ಯಾಟರಿಯಲ್ಲಿ ನಡೆಯುವ ಗ್ರೈಂಡರ್ ಚೀಲದಲ್ಲಿ ಹಿಡಿಯುತ್ತದೆ, 14 ಮಿ.ಮೀ. ಉಕ್ಕಿನ ಒಂದು ಕಡಿತಕ್ಕೆ ಅರ್ಧ ನಿಮಿಷದ ಆಸುಪಾಸು ಸಾಕು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇವರು. ಈಗ ಉಕ್ಕಿನ ಮೇಲೆ ಸಿರಾಮಿಕ್‌ನಂಥ ಗಡಸು ಪದಾರ್ಥದ ಹೊದಿಕೆ ಇರುವ ಬೀಗಗಳು ಬಂದಿವೆ. ಅವು ಗ್ರೈಂಡರಿನ ಚಕ್ರವನ್ನೇ ಸವೆಸಿ ಹಾಕುತ್ತವೆ, ಒಂದು ಕಡಿತಕ್ಕೆ ಹಲವು ಚಕ್ರ ಬೇಕಾಗುತ್ತದೆ. ಅವು ದುಬಾರಿ. ಅಷ್ಟು ಹಣವಿಲ್ಲದವರು ಯು-ಲಾಕ್ ಕೊಳ್ಳುವಾಗ ಕಮಾನಿನ ಎರಡೂ ಕಾಲು ಬೀಗದೊಳಗೆ ಕಚ್ಚಿಕೊಳ್ಳುತ್ತವೆಯೇ ಎಂದು ನೋಡಿ. ಹಾಗಿದ್ದರೆ ಒಂದು ಕಡೆ ಕತ್ತರಿಸಿ ತಿರುಚಿ ತೆಗೆಯಲು ಬರುವುದಿಲ್ಲ, ಎರಡು ಕಡಿತ ಬೇಕು. ಹೊತ್ತು ಎರಡರಷ್ಟಾಯಿತು.

ಹಾಕುವ ರೀತಿ ಬೀಗದಷ್ಟೇ ಮುಖ್ಯ. ಯು-ಲಾಕಿನ ಹೊಟ್ಟೆಯಲ್ಲಿ ಖಾಲಿ ಜಾಗ ಉಳಿಯಬಾರದು. ಫ್ರೇಮು, ಹಿಂದಿನ ಚಕ್ರ, ಸ್ಟ್ಯಾಂಡಿನ ಪೈಪು ಮೂರೂ ಸೇರಿ ಅದನ್ನು ತುಂಬಿರಬೇಕು. ಖಾಲಿ ಬಿಟ್ಟರೆ ಅಲ್ಲಿ ಸಣ್ಣ ಜಾಕಿ ಇಟ್ಟು ಅಗಲಿಸುತ್ತಾರೆ, ಇಲ್ಲವೇ ಕಬ್ಬಿಣದ ಕೋಲು ತೂರಿಸಿ ಮೀಟುತ್ತಾರೆ. ಕೀಲಿಯ ಬಾಯಿ ಕೆಳಮುಖವಾಗಿರಲಿ, ಮಳೆ ನೀರೂ ಧೂಳೂ ಇಳಿಯುವುದಿಲ್ಲ. ಸರಪಳಿ ಹಾಕುವವರು ಅದು ನೆಲ ಮುಟ್ಟದಂತೆ ಎತ್ತರದಲ್ಲಿ ಬಿಗಿಯಾಗಿ ಸುತ್ತಿ. ಸರಪಳಿ ನೆಲದ ಮೇಲೆ ಬಿದ್ದಿದ್ದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಇಡೀ ಮೈಭಾರ ಹಾಕಬಹುದು. ಸೊಂಟದೆತ್ತರದಲ್ಲಿ ತೋಳಿನ ಬಲ ಮಾತ್ರ ಸಿಗುತ್ತದೆ. ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಜನಪ್ರಿಯಗೊಳಿಸಿದ ಒಂದು ಉಪಾಯವೂ ಇದೆ: ಫ್ರೇಮಿನ ಹಿಂಬದಿಯ ತ್ರಿಕೋನದ ಒಳಗಿರುವ ರಿಮ್ಮಿನ ಭಾಗವನ್ನು ಸ್ಟ್ಯಾಂಡಿನ ಜೊತೆ ಸೇರಿಸಿ ಚಿಕ್ಕ ಯು-ಲಾಕ್ ಹಾಕುವುದು. ಚಕ್ರ ತ್ರಿಕೋನ ದಾಟಿ ಬರದ ಕಾರಣ ಫ್ರೇಮೂ ಸಿಕ್ಕಿಬೀಳುತ್ತದೆ. ಫ್ರೇಮಿನ ಕೊಳವೆ ದಪ್ಪವಿದ್ದು ಬೀಗ ಎಟುಕದಾಗ ಇದು ನೆರವಿಗೆ ಬರುತ್ತದೆ. ಎಟುಕುವುದಾದರೆ ಫ್ರೇಮನ್ನೂ ಸೇರಿಸಿ ಹಾಕುವುದೇ ಮೇಲು, ಏಕೆಂದರೆ ಕಡ್ಡಿ, ರಿಮ್ ಎಲ್ಲ ಕತ್ತರಿಸಲು ಬರುವ ವಸ್ತುಗಳೇ.

ಸೀಟು, ಹ್ಯಾಂಡಲ್ ಬಿಚ್ಚಿಕೊಂಡು ಹೋಗುವವರಿಗೆ ಬೇಕಾದದ್ದು ಒಂದು 5 ನಂಬರ್ ಆಲನ್ ಕೀ. ಅದಕ್ಕೆ ಖರ್ಚಿಲ್ಲದ ಮದ್ದಿದೆ. 5 ಮಿ.ಮೀ. ಕುಳಿಯ ಬೋಲ್ಟಿನ ತಲೆಗೆ ಹಳೆ ಬೇರಿಂಗಿನ 3/16 ಇಂಚಿನ ಒಂದು ಗುಂಡು ಹಾಕಿ, ಮೇಲೆ ಕರಗಿಸಿದ ಮೇಣ ತುಂಬಿ. ಗುಂಡು ಸುಮಾರು 4.76 ಮಿ.ಮೀ. ಆದ್ದರಿಂದ ಕುಳಿಯಲ್ಲಿ ಲಕ್ಷಣವಾಗಿ ಕೂರುತ್ತದೆ. ನಿಮಗೆ ಬಿಚ್ಚಬೇಕಾದಾಗ ಸೂಜಿಯಲ್ಲಿ ಮೇಣ ಕೆದಕಿ, ಅಯಸ್ಕಾಂತ ತೋರಿಸಿದರೆ ಗುಂಡು ಹೊರಬರುತ್ತದೆ. ಕಳ್ಳನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮೇಣದ ಬದಲು ಎಪಾಕ್ಸಿ ಹಾಕಬೇಡಿ, ನಾಳೆ ನೀವೇ ಬಿಚ್ಚಲಾರಿರಿ. ಸೀಟಿಗೆ ಇನ್ನೊಂದು ದಾರಿ: ಹಳೆ ಸೈಕಲ್ ಚೈನಿನ ತುಂಡನ್ನು ಹಳೆ ಟ್ಯೂಬಿನೊಳಗೆ ತೂರಿಸಿ, ಸೀಟಿನ ಕೆಳಗಿನ ಕಂಬಿಯಿಂದ ಫ್ರೇಮಿಗೆ ಸುತ್ತಿ, ಚೈನಿನ ಪಿನ್ ಹೊಡೆದು ಕೂಡಿಸಿಬಿಡಿ. ಟ್ಯೂಬ್ ಇರುವುದರಿಂದ ಪೇಂಟ್ ಕೆರೆಯುವುದಿಲ್ಲ.

ಬೈಕಿನವರು ಸರಪಳಿಯನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ. ಫ್ರೇಮಿನ ಮುಚ್ಚಿದ ಕಣ್ಣಿಗೆ, ಅದಿಲ್ಲದಿದ್ದರೆ ಹಿಂದಿನ ಚಕ್ರ ಮತ್ತು ಅದನ್ನು ಹಿಡಿದಿರುವ ತೋಳು (ಸ್ವಿಂಗ್ ಆರ್ಮ್) ಎರಡನ್ನೂ ಸೇರಿಸಿ ಹಾಕಿ. ಡಿಸ್ಕ್ ಲಾಕ್ ಹಾಕುವವರು ಅದರಿಂದ ಹ್ಯಾಂಡಲ್‌ಗೆ ಎದ್ದು ಕಾಣುವ ಬಣ್ಣದ ದಾರವೊಂದನ್ನು ಕಟ್ಟಲೇಬೇಕು. ಮರೆತು ಗೇರ್ ಹಾಕಿದರೆ ಬೀಗ ಹೋಗಿ ಬ್ರೇಕಿನ ಕ್ಯಾಲಿಪರಿಗೆ ಬಡಿಯುತ್ತದೆ, ಬೈಕು ಕೆಡವುತ್ತದೆ. ಎಂಜಿನ್ ಶುರುವಾಗದಂತೆ ತಡೆಯುವ ಗುಟ್ಟಿನ ಸ್ವಿಚ್ ಹಾಕಿಸಿಕೊಳ್ಳುವುದು ಒಳ್ಳೆಯ ಯೋಚನೆ, ಆದರೆ ಕೆಲಸ ಬಲ್ಲವರ ಕೈಯಲ್ಲೇ ಆಗಬೇಕು. ಫ್ಯೂಯೆಲ್ ಪಂಪಿನ ಅಥವಾ ಇಗ್ನಿಷನ್‌ನ ವೈರನ್ನು ರಿಲೇ ಮೂಲಕ, ತಕ್ಕ ಫ್ಯೂಸ್ ಇಟ್ಟು, ನೀರು ಹೋಗದ ಕಡೆ ಕೂರಿಸಬೇಕು. ಬರೀ ವೈರು ತಿರುಚಿ ಟೇಪು ಸುತ್ತಿದರೆ ಅದುರಾಟಕ್ಕೆ ಸಡಿಲವಾಗಿ, ಓಡುವ ಬೈಕು ನಡುರಸ್ತೆಯಲ್ಲಿ ನಿಂತೀತು. ಅದು ಕಳ್ಳತನಕ್ಕಿಂತ ದೊಡ್ಡ ಅಪಾಯ. ಕೀಲಿಯಲ್ಲೇ ಚಿಪ್ ಇರುವ ಇಮೊಬಿಲೈಸರ್ ಬೈಕಿನ ಜೊತೆಗೇ ಬಂದಿದ್ದರೆ ಇದರ ಗೋಜು ಬೇಡ.

ಜಿ.ಪಿ.ಎಸ್. ಟ್ರ್ಯಾಕರ್ ಕಳ್ಳತನ ತಡೆಯುವುದಿಲ್ಲ, ಹುಡುಕಲು ನೆರವಾಗುತ್ತದೆ. ತಿಂಗಳಿಗೊಮ್ಮೆ ಅದು ಬದುಕಿದೆಯೇ ಎಂದು ಫೋನಿನಲ್ಲಿ ನೋಡಿ. ಬ್ಯಾಟರಿ ಸತ್ತದ್ದು ಕಳ್ಳತನವಾದ ದಿನವೇ ಗೊತ್ತಾಗಬಾರದು. ಕದ್ದವರು ಎಷ್ಟೋ ಸಲ ವಾಹನವನ್ನು ಹತ್ತಿರದ ಬೀದಿಯಲ್ಲೇ ಒಂದೆರಡು ದಿನ ನಿಲ್ಲಿಸಿ, ಯಾರಾದರೂ ಹುಡುಕಿಕೊಂಡು ಬರುತ್ತಾರೆಯೇ ಎಂದು ಕಾಯುತ್ತಾರೆ. ಹಾಗಾಗಿ ಮೊದಲ ಕೆಲವು ಗಂಟೆ ಸುತ್ತಲಿನ ಬೀದಿಗಳನ್ನು ಹುಡುಕುವುದು ದಂಡವಲ್ಲ. ಸಿಕ್ಕರೆ ಒಬ್ಬರೇ ಹೋಗಬೇಡಿ, ಪೊಲೀಸರನ್ನು ಕರೆದುಕೊಂಡು ಹೋಗಿ. ಇನ್ನೊಂದು ಮಾತು: ನಿಮ್ಮ ಸೈಕಲ್ಲಿಗೆ ಯಾರೋ ತಮ್ಮ ಬೀಗವನ್ನೂ ಹಾಕಿಟ್ಟಿದ್ದರೆ, ಅಥವಾ ಕೀಲಿ ಬಾಯಿಗೆ ಅಂಟು ತುಂಬಿದ್ದರೆ, ಅದು ಪೋಕರಿತನ ಎಂದುಕೊಂಡು ರಾತ್ರಿ ಬಿಟ್ಟು ಹೋಗಬೇಡಿ. ನೀವು ಬಿಟ್ಟು ಹೋಗಲಿ ಎಂದೇ ಮಾಡಿದ್ದು ಅದು. ಬೀಗದವರನ್ನು ಆಗಲೇ ಕರೆಸಿ. ನಿಮ್ಮದೇ ಎಂದು ತೋರಿಸಲು ಫೋನಿನಲ್ಲಿ ಫೋಟೋ, ಬಿಲ್ಲು ಇರಲಿ.

ದಾಖಲೆಯ ವಿಷಯಕ್ಕೆ ಪೊಲೀಸ್ ಅಧಿಕಾರಿಗಳೂ ಕಿವಿಗೊಡಬೇಕೆಂದು ಕೋರುತ್ತೇವೆ. ಸೈಕಲ್ಲಿನ ಫ್ರೇಮ್ ನಂಬರ್ ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೊಳವೆಯ ಅಡಿಯಲ್ಲಿರುತ್ತದೆ. ಸೈಕಲ್ ತಲೆಕೆಳಗೆ ಮಾಡಿ, ಗ್ರೀಸ್ ಒರೆಸಿದರೆ ಕಾಣುತ್ತದೆ. ಕಾಣದಿದ್ದರೆ ಸೀಟಿನ ಕೊಳವೆ, ಹ್ಯಾಂಡಲ್ ಕತ್ತು ನೋಡಿ. ಮಸುಕಾಗಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿ ಮೂಡುತ್ತದೆ. ಬೈಕಿನ ಷಾಸಿ ನಂಬರ್ 17 ಅಕ್ಷರ ಅಂಕಿಗಳದ್ದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ, 1 ಮತ್ತು 0 ಜೊತೆ ಕಲೆಸಿಹೋಗಬಾರದೆಂದು. ಬರೆದುಕೊಳ್ಳುವವರು ಇದನ್ನು ನೆನಪಿಟ್ಟರೆ ಅರ್ಧ ತಪ್ಪು ತಪ್ಪುತ್ತದೆ. ದೂರು ಬರೆದುಕೊಳ್ಳುವ ನಮೂನೆಯಲ್ಲಿ ಸೈಕಲ್ಲಿನ ಫ್ರೇಮ್ ನಂಬರಿಗೆ ಒಂದು ಪ್ರತ್ಯೇಕ ಖಾನೆ ಇರಲಿ. ಸಿಕ್ಕ ವಾಹನಗಳ ನಂಬರುಗಳನ್ನು ಯಾರು ಬೇಕಾದರೂ ಹುಡುಕಿ ನೋಡುವಂತೆ ಪ್ರಕಟಿಸಿ. ಸಿಕ್ಕ ಸೈಕಲ್ ಠಾಣೆಯ ಮೂಲೆಯಲ್ಲಿ ಮಾಲೀಕನಿಲ್ಲದೆ ತುಕ್ಕು ಹಿಡಿಯುವುದು ನಂಬರ್ ತಾಳೆಯಾಗದೆ. ಹಳೆ ವಾಹನ ಕೊಳ್ಳುವವರೂ ಬಿಲ್ಲು, ಎರಡೂ ಕೀಲಿ, ಉಜ್ಜಿ ಅಳಿಸದ ನಂಬರ್ ಇವುಗಳನ್ನು ನೋಡದೆ ಹಣ ಕೊಡಬಾರದು. ಕೊಳ್ಳುವ ಕೈ ಇರುವುದರಿಂದಲೇ ಕದಿಯುವ ಕೈ ಇರುವುದು.

ನಿಮಗೆ ನಮ್ಮ ಮೊದಲ ಕೋರಿಕೆ ದೊಡ್ಡದೇನಲ್ಲ. ಈ ವಾರ ಒಬ್ಬರನ್ನು ಪಾನ, ಅಳತೆ ಪಟ್ಟಿ ಕೊಟ್ಟು ಕಳಿಸಿ. ಇರುವ ಪ್ರತಿ ಸ್ಟ್ಯಾಂಡನ್ನು ಅಲುಗಾಡಿಸಿ, ಸಡಿಲ ಬೋಲ್ಟುಗಳನ್ನು ಎಣಿಸಿ ಬರಲಿ. ಆಮೇಲೆ ಮುಖ್ಯ ಬಾಗಿಲಿಗೆ ಹತ್ತಿರದ, ಕಾವಲುಗಾರ ಕೂತಲ್ಲಿಂದ ಕಾಣುವ ಹತ್ತು ಮೀಟರ್ ಜಾಗ ಆರಿಸಿ. ಮೀಟರಿಗೊಂದರಂತೆ ಹತ್ತು ಯು-ಸ್ಟ್ಯಾಂಡ್, ಅಂದರೆ ಇಪ್ಪತ್ತು ಸೈಕಲ್. ಪಕ್ಕದ ಗೋಡೆಗೆ ಬೈಕುಗಳಿಗಾಗಿ ಒಂದು ಕಂಬಿ. ಅಳತೆ ತೆಗೆಯಲು, ಗುತ್ತಿಗೆದಾರರಿಗೆ ಹೇಳಿಕೊಡಲು, ನೆಟ್ಟ ಮೇಲೆ ಎಳೆದು ಪರೀಕ್ಷಿಸಲು ನಾವು ಬರಲು ಸಿದ್ಧ.

ಇಂತಿ ತಮ್ಮ ವಿಶ್ವಾಸಿಗಳು,
ಬೀಗ, ಸೈಕಲ್ ಮತ್ತು ಬೈಕ್ ರಿಪೇರಿ ಕೆಲಸದವರು